ವಿಶೇಷ ಪಡೆಗಳ ಸಾಮಾನು ಖರೀದಿ ಯಾರ ಕೈಲಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೆಷಲ್ ಫೋರ್ಸಸ್ ಎಂದ ಕೂಡಲೇ ಮಾತು ಬಂದೂಕು, ಹೆಲಿಕಾಪ್ಟರ್, ರಾತ್ರಿ ಕಾಣುವ ಕನ್ನಡಕದ ಕಡೆ ಹೋಗುತ್ತದೆ. ಅದನ್ನು ಆರಿಸಿದ್ದು ಯಾರು, ದುಡ್ಡು ಕೊಟ್ಟಿದ್ದು ಯಾರು, ಕೆಟ್ಟರೆ ರಿಪೇರಿ ಯಾರ ತಲೆಗೆ ಎಂದು ಕೇಳುವವರು ಕಮ್ಮಿ. ಕೇಳುವ ಕೆಲವರು ಮಾತ್ರ ಅದದೇ ಪ್ರಶ್ನೆ ಕೇಳುತ್ತಾರೆ, ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಉದಾಹರಣೆಗಳು ಜಾಸ್ತಿ ಅಮೆರಿಕದವು. ಈ ಜಗಳ ಸಂಸತ್ತಿನವರೆಗೂ ಹೋಗಿ, ಕಾನೂನಾಗಿ, ಬಜೆಟ್ ಕಾಗದದಲ್ಲಿ ಎಲ್ಲರಿಗೂ ಕಾಣುವಂತೆ ಇರುವುದು ಅಲ್ಲೇ.

ಸೈನಿಕರಿಗೆ ಬೇಕಾದ್ದನ್ನು ಸೇನೆ ಕೊಡುತ್ತೆ, ಅಷ್ಟೇ ಅಲ್ವಾ? ಜಗಳ ಎಲ್ಲಿಂದ ಬಂತು?

ದೊಡ್ಡ ಸೇನೆ ಲಕ್ಷಗಟ್ಟಲೆ ಜನರಿಗೆ ಒಂದೇ ಥರದ ಸಾಮಾನು ಕೊಳ್ಳುತ್ತದೆ. ಅದು ಗಟ್ಟಿಯಿರಬೇಕು, ಬೆಲೆ ಹಿಡಿತದಲ್ಲಿರಬೇಕು, ಹೊಸಬನಿಗೂ ಬೇಗ ಕಲಿಸುವಂತಿರಬೇಕು. ಒಂದು ರೈಫಲ್ ಆರಿಸಿದರೆ ಹಲವು ದಶಕ ಅದೇ. ಹನ್ನೆರಡು ಜನರ ವಿಶೇಷ ತಂಡದ ಲೆಕ್ಕ ಬೇರೆ. ಅಂಥ ಕೆಲವು ತಂಡಗಳಿಗೆ ಬೇಕಾದ ರೇಡಿಯೋ ಐವತ್ತೇ ಇರಬಹುದು, ಆದರೆ ಮುಂದಿನ ಮಳೆಗಾಲದೊಳಗೆ ಬೇಕು. ಸೇನೆಯ ಖರೀದಿ ಕಚೇರಿಯಲ್ಲಿ ಐವತ್ತು ರೇಡಿಯೋದ ಕಡತ ಯಾವಾಗಲೂ ಐವತ್ತು ಸಾವಿರ ಟ್ರಕ್‌ಗಳ ಕಡತದ ಕೆಳಗೇ ಇರುತ್ತದೆ. ಯಾರದೋ ದ್ವೇಷ ಅಂತಲ್ಲ, ದೊಡ್ಡ ಮನೆಯ ಅಡುಗೆಯಲ್ಲಿ ಒಬ್ಬನ ಪಥ್ಯ ಹಿಂದೆ ಬೀಳುವಂತೆ, ಅಷ್ಟೇ.

ಇದು ಕಾನೂನಿನ ಮಟ್ಟಕ್ಕೆ ಹೋಗಿದ್ದು ಯಾವಾಗ?

1980ರ ಏಪ್ರಿಲ್‌ನಲ್ಲಿ ಇರಾನ್ ಮರುಭೂಮಿಯಲ್ಲಿ ಆದ ಅನಾಹುತದ ನಂತರ. ಟೆಹರಾನ್‌ನಲ್ಲಿ ಒತ್ತೆಯಾಳುಗಳಾಗಿದ್ದ ಅಮೆರಿಕನ್ನರನ್ನು ಬಿಡಿಸಿ ತರಲು ಹೊರಟ ಆ ಕಾರ್ಯಾಚರಣೆಗೆ ಕನಿಷ್ಠ 6 ಹೆಲಿಕಾಪ್ಟರ್ ಬೇಕಿತ್ತು. ನಿಮಿಟ್ಜ್ ನೌಕೆಯಿಂದ 8 ಹೊರಟವು. ಒಂದನ್ನು ದಾರಿಯಲ್ಲೇ ಬಿಟ್ಟರು, ಇನ್ನೊಂದು ಧೂಳಿನ ಮೋಡಕ್ಕೆ ಸಿಕ್ಕಿ ವಾಪಸ್ ಹೋಯಿತು, ಮೂರನೆಯದು ನಿಗದಿತ ಜಾಗ ತಲುಪಿದ ಮೇಲೆ ಹೈಡ್ರಾಲಿಕ್ ಕೆಟ್ಟು ನಿಂತಿತು. ಉಳಿದದ್ದು 5. ಕಾರ್ಯಾಚರಣೆ ಕೈಬಿಟ್ಟು ಹಿಂದಿರುಗುವ ಹೊತ್ತಿನಲ್ಲಿ ಒಂದು ಹೆಲಿಕಾಪ್ಟರ್ ನಿಂತಿದ್ದ ಸಿ-130 ವಿಮಾನಕ್ಕೆ ಬಡಿದು 8 ಜನ ಸತ್ತರು.

ನನಗೆ ಮುಖ್ಯ ಅನಿಸುವುದು ಆ ಹೆಲಿಕಾಪ್ಟರ್‌ಗಳ ಮೂಲ ಕೆಲಸ. ಅವು ಸಮುದ್ರದಲ್ಲಿ ಮೈನ್ ತೆಗೆಯಲು ನೌಕಾಪಡೆ ಇಟ್ಟುಕೊಂಡಿದ್ದ ಆರ್‌ಎಚ್-53ಡಿಗಳು. ಹಾರಿಸಿದವರು ಬಹುತೇಕ ಮರೀನ್ ಎಂಬ ಇನ್ನೊಂದು ದಳದ ಪೈಲಟ್‌ಗಳು. ಒಳಗೆ ಕೂತು ಹೋಗಬೇಕಿದ್ದದ್ದು ಸೇನೆಯ ಕಮಾಂಡೋಗಳು. ವಿಮಾನಗಳು ವಾಯುಪಡೆಯವು. ರಾತ್ರಿ, ತಗ್ಗಿನಲ್ಲಿ, ಮರುಭೂಮಿಯ ಮೇಲೆ ಅಷ್ಟು ದೂರ ಹೋಗಲೆಂದೇ ಮಾಡಿಸಿದ ಹೆಲಿಕಾಪ್ಟರ್ ಆವತ್ತು ಯಾರ ಬಳಿಯೂ ಇರಲಿಲ್ಲ, ಯಾಕೆಂದರೆ ಅದನ್ನು ಕೊಳ್ಳುವುದು ಯಾರ ಜವಾಬ್ದಾರಿಯೂ ಆಗಿರಲಿಲ್ಲ.

ಆಮೇಲೆ ಕಾನೂನು ಬಂತು, ಸರಿಹೋಯಿತಾ?

ಅಷ್ಟು ಸುಲಭ ಇರಲಿಲ್ಲ. 1983ರಲ್ಲಿ ಅಮೆರಿಕ ಗ್ರೆನಡಾ ದ್ವೀಪಕ್ಕೆ ನುಗ್ಗಿದಾಗಲೂ ಪಡೆಗಳ ನಡುವೆ ಸಂಪರ್ಕದ ಗೊಂದಲ ಆಯಿತು. 1986ರಲ್ಲಿ ಸೆನೆಟರ್‌ಗಳಾದ ಸ್ಯಾಮ್ ನನ್ ಮತ್ತು ವಿಲಿಯಂ ಕೋಹೆನ್ ಅವರ ತಿದ್ದುಪಡಿ ಪಾಸಾಯಿತು, ವಿಶೇಷ ಪಡೆಗಳನ್ನೆಲ್ಲ ಒಂದೇ ಕಮಾಂಡ್ ಕೆಳಗೆ ತರಬೇಕು ಎಂದು. ಪೆಂಟಗನ್‌ನ, ಅಂದರೆ ಅಮೆರಿಕ ರಕ್ಷಣಾ ಇಲಾಖೆಯ ಹಿರಿಯರಿಗೆ ಇಷ್ಟವಿರಲಿಲ್ಲ. ಆದರೂ 1987ರ ಏಪ್ರಿಲ್ 16ರಂದು ಫ್ಲಾರಿಡಾದ ಮ್ಯಾಕ್‌ಡಿಲ್ ವಾಯುನೆಲೆಯಲ್ಲಿ ಸೊಕಾಮ್, ಅಂದರೆ ವಿಶೇಷ ಕಾರ್ಯಾಚರಣೆಗಳ ಜಂಟಿ ಕಮಾಂಡ್ ಶುರುವಾಯಿತು. ಬೇರೆ ಯಾವ ಯುದ್ಧ ಕಮಾಂಡ್‌ಗೂ ಆಗ ಇಲ್ಲದ ಒಂದು ಅಧಿಕಾರ ಇದಕ್ಕೆ ಸಿಕ್ಕಿತು: ತನ್ನ ವಿಶೇಷ ಸಾಮಾನನ್ನು ತಾನೇ ಅಭಿವೃದ್ಧಿಪಡಿಸಿ, ತಾನೇ ಕೊಳ್ಳುವ ಅಧಿಕಾರ.

ಇನ್ನು ದುಡ್ಡಿನ ವಿಷಯ. ಕಮಾಂಡ್ ಹುಟ್ಟಿತು, ಪರ್ಸ್ ಮಾತ್ರ ಹಳೆಯ ಯಜಮಾನರ ಜೇಬಿನಲ್ಲೇ ಉಳಿಯಿತು. 1988ರಲ್ಲಿ ಸಂಸತ್ತು ಮತ್ತೊಂದು ಸಲ ಕಾನೂನು ಬರೆದು, ಬಜೆಟ್ ಬೇಡಿಕೆ ತಯಾರಿಸುವುದು ಈ ಕಮಾಂಡೇ ಎಂದು ಬಿಡಿಸಿ ಹೇಳಬೇಕಾಯಿತು. ಪೆಂಟಗನ್ ಆ ಹಿಡಿತ ಬಿಟ್ಟುಕೊಟ್ಟಿದ್ದು 1989ರ ಜನವರಿಯಲ್ಲಿ. ಅಧಿಕಾರ ಕೊಟ್ಟು ದುಡ್ಡು ಕೊಡದಿದ್ದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ವರ್ಷದ ಕಥೆ ಹೇಳುತ್ತೇನೆ.

ಎಂಎಫ್‌ಪಿ-11 ಅಂತ ಎಲ್ಲ ಕಡೆ ಬರುತ್ತಲ್ಲ, ಏನದು?

ಅಮೆರಿಕದ ರಕ್ಷಣಾ ಬಜೆಟ್‌ನಲ್ಲಿ ಆಗ 10 ದೊಡ್ಡ ವಿಭಾಗಗಳಿದ್ದವು. ವಿಶೇಷ ಪಡೆಗಳಿಗಾಗಿ ತೆರೆದ 11ನೆಯ ಖಾತೆಗೆ ಆ ಹೆಸರು, ಪೂರ್ತಿ ಹೇಳಿದರೆ ಮೇಜರ್ ಫೋರ್ಸ್ ಪ್ರೋಗ್ರಾಂ-11. ಇತ್ತೀಚಿನ ವರ್ಷಗಳಲ್ಲಿ ಸೊಕಾಮ್ ಬಜೆಟ್ 1,300 ಕೋಟಿ ಡಾಲರ್ ಆಸುಪಾಸು ಇದೆ. ಕೇಳಲು ಭಾರಿ ಮೊತ್ತ, ಆದರೆ ಒಟ್ಟು ರಕ್ಷಣಾ ಬಜೆಟ್‌ನ ಶೇ. 2ಕ್ಕಿಂತ ಕಡಿಮೆ. ಅದರಲ್ಲೂ ದೊಡ್ಡ ಪಾಲು ದಿನನಿತ್ಯದ ಓಡಾಟ, ತರಬೇತಿ, ನಿರ್ವಹಣೆಗೇ ಹೋಗುತ್ತದೆ. ಹೊಸ ಸಾಮಾನು ಕೊಳ್ಳಲು ಉಳಿಯುವುದು ಸಣ್ಣ ಭಾಗ.

ಹಾಗಾದರೆ ಯಾವುದು ‘ವಿಶೇಷ’, ಯಾವುದು ‘ಸಾಮಾನ್ಯ’? ಗೆರೆ ಯಾರು ಎಳೆಯುತ್ತಾರೆ?

ನಿಜವಾದ ಜಗಳ ಇಲ್ಲೇ ಇದೆ. ನಿಯಮ ಹೇಳುವುದು ಸರಳ: ಯಾವ ಪಡೆಗೂ ಸಾಮಾನ್ಯ ಅಗತ್ಯ ಇಲ್ಲದ, ವಿಶೇಷ ಕಾರ್ಯಾಚರಣೆಗೆ ಮಾತ್ರ ಬೇಕಾದ ಸಾಮಾನನ್ನು ಸೊಕಾಮ್ ತನ್ನ ಖಾತೆಯಿಂದ ಕೊಳ್ಳಬೇಕು. ಮಿಕ್ಕಿದ್ದನ್ನೆಲ್ಲ ಸೇನೆ, ನೌಕಾಪಡೆ, ವಾಯುಪಡೆ, ಮರೀನ್ ದಳಗಳೇ ಕೊಡಬೇಕು. ಬೂಟು, ಸಾಮಾನ್ಯ ಮದ್ದುಗುಂಡು, ಎಂ4 ರೈಫಲ್ ಹೀಗೆ ಬರುತ್ತವೆ. ಸೈನಿಕರ ಸಂಬಳವೂ ಅವರವರ ಪಡೆಯದ್ದೇ.

ದೊಡ್ಡ ಯಂತ್ರಗಳಲ್ಲಿ ಎರಡೂ ಬೆರೆತಿರುತ್ತದೆ. ಎಸಿ-130ಜೆ ಎಂಬ ತೋಪು ಹೊತ್ತ ವಿಮಾನ ನೋಡಿ. ಮೂಲ ವಿಮಾನ ವಾಯುಪಡೆಯ ಲೆಕ್ಕ, ಅದರ ಮೇಲೆ ಕೂರಿಸುವ ತೋಪು, ಸೆನ್ಸರ್, ಬಾಂಬ್ ವ್ಯವಸ್ಥೆ ಸೊಕಾಮ್ ಲೆಕ್ಕ. ರಾತ್ರಿ ಹಾರಾಟಕ್ಕೆ ಹೆಸರಾದ, ಸೇನೆಯ 160ನೇ ರೆಜಿಮೆಂಟ್‌ನ ಚಿನೂಕ್ ಹೆಲಿಕಾಪ್ಟರ್‌ಗಳದ್ದೂ ಇದೇ ಕಥೆ. ಒಂದೇ ಮನೆಯನ್ನು ಇಬ್ಬರು ಕಟ್ಟಿದಂತೆ: ಗೋಡೆ ಒಬ್ಬನದು, ಒಳಗಿನ ವೈರಿಂಗ್ ಇನ್ನೊಬ್ಬನದು. ಸೋರಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹಾಗಿದ್ದರೆ ಈ ತಲೆನೋವೇ ಬೇಡ. ಗೋಡೆನೂ ವೈರಿಂಗೂ ಎಲ್ಲ ವಿಶೇಷ ಪಡೆಗೇ ಕೊಟ್ಟುಬಿಡಬಾರದಾ?

ಜಾಸ್ತಿ ಬರುವ ಪ್ರಶ್ನೆ ಇದೇ. ನನ್ನ ಉತ್ತರ: ಬೇಡ.

ಒಂದು ವಿಮಾನ ಎಂದರೆ ಬರೀ ವಿಮಾನ ಅಲ್ಲ. ಅದರ ಹಿಂದೆ ಮೆಕ್ಯಾನಿಕ್‌ಗಳ ಶಾಲೆ, ಬಿಡಿಭಾಗಗಳ ಗೋದಾಮು, ಎಂಜಿನ್ ಬಿಚ್ಚಿ ಕಟ್ಟುವ ಕಾರ್ಖಾನೆ, ಹಾರಾಟ ಸುರಕ್ಷಿತ ಎಂದು ಸಹಿ ಹಾಕುವ ಎಂಜಿನಿಯರ್‌ಗಳು ಇರುತ್ತಾರೆ. ಸಾವಿರ ವಿಮಾನಕ್ಕೆ ಈ ಖರ್ಚು ಹಂಚಿದರೆ ತಡೆಯಬಹುದು. ಐವತ್ತಕ್ಕೆ ಹಂಚಿದರೆ ಮೂಗಿಗಿಂತ ಮೂಗುತಿ ಭಾರ. ವಿಶೇಷ ಪಡೆ ಇದನ್ನೆಲ್ಲ ತಾನೇ ಕಟ್ಟಲು ಹೊರಟರೆ ಇಪ್ಪತ್ತು ವರ್ಷದಲ್ಲಿ ಅದೂ ಇನ್ನೊಂದು ದೊಡ್ಡ ಸೇನೆಯೇ ಆಗುತ್ತದೆ. ಯಾವ ನಿಧಾನದಿಂದ ತಪ್ಪಿಸಿಕೊಳ್ಳಲು ಹೊರಬಂದರೋ ಅದೇ ನಿಧಾನ ಅಲ್ಲೂ ಬಂದು ಕೂರುತ್ತದೆ.

ಹಂಚಿಕೊಂಡರೆ ಪೆಟ್ಟೂ ಹಂಚಿಕೆಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. 2023ರ ನವೆಂಬರ್‌ನಲ್ಲಿ ಜಪಾನ್‌ನ ಯಾಕುಶಿಮಾ ಬಳಿ ವಿಶೇಷ ಪಡೆಯ ಸಿವಿ-22 ಆಸ್ಪ್ರೇ, ಅಂದರೆ ಹೆಲಿಕಾಪ್ಟರ್‌ನಂತೆ ನೆಟ್ಟಗೆ ಏಳುವ ವಿಮಾನ, ಬಿದ್ದು 8 ಜನ ಸತ್ತರು. ಗೇರ್‌ಬಾಕ್ಸ್ ಮುರಿದಿತ್ತು. ಅಮೆರಿಕದ ಎಲ್ಲ ಆಸ್ಪ್ರೇಗಳನ್ನೂ ಮೂರು ತಿಂಗಳು ಕೆಳಗಿಳಿಸಿದರು. ಆ ಗೇರ್‌ಬಾಕ್ಸ್ ವಿಶೇಷ ಪಡೆಯ ಕೈಲಿಲ್ಲ, ಮರೀನ್ ಮತ್ತು ನೌಕಾಪಡೆಗೂ ಸೇರಿಸಿ ನೋಡಿಕೊಳ್ಳುವ ಜಂಟಿ ಕಚೇರಿಯ ಕೈಲಿದೆ. ಆದರೆ ಸ್ವಂತದ್ದಾಗಿದ್ದರೆ ಬೇಗ ಸರಿಮಾಡುತ್ತಿದ್ದರಾ? ಗೇರ್‌ಬಾಕ್ಸ್ ಮರುವಿನ್ಯಾಸ ಮಾಡುವಷ್ಟು ಎಂಜಿನಿಯರ್‌ಗಳನ್ನು ಅಷ್ಟು ಸಣ್ಣ ಪಡೆ ಎಲ್ಲಿಂದ ತರುತ್ತದೆ?

ಸರಿ, ಎಲ್ಲವನ್ನೂ ಸೇನೆಗೇ ವಾಪಸ್ ಕೊಟ್ಟರೆ?

ಮೇಲಿನ 1980ರ ಉತ್ತರ ಮತ್ತೊಮ್ಮೆ ಓದಿ.

ತಮ್ಮದೇ ದುಡ್ಡು ಎಂದಮೇಲೆ ಬೇಕಾಬಿಟ್ಟಿ ಖರ್ಚು ಮಾಡಲ್ವಾ?

ಹೆದರಿಕೆ ನ್ಯಾಯವಾದದ್ದೇ. ಆದರೆ ಎಫ್‌ಎನ್ ಕಂಪನಿಯ ಸ್ಕಾರ್ ರೈಫಲ್ ಕಥೆ ಕೇಳಿ, ನನಗೆ ಈ ಇಡೀ ವಿಷಯದಲ್ಲಿ ಇಷ್ಟವಾದ ಕಥೆ ಅದು. 2004ರಲ್ಲಿ ಸೊಕಾಮ್ ಸ್ಪರ್ಧೆ ನಡೆಸಿ ಸ್ಕಾರ್ ಆರಿಸಿತು. ಎರಡು ರೂಪ: 5.56 ಎಂಎಂ ಗುಂಡಿನ ಎಂಕೆ-16, 7.62 ಎಂಎಂ ಗುಂಡಿನ ಎಂಕೆ-17. ವರ್ಷಗಟ್ಟಲೆ ಪರೀಕ್ಷೆ ನಡೆಯಿತು. ಸೇನೆಯ ವಿಶೇಷ ಕಾಲಾಳುಗಳಾದ ರೇಂಜರ್‌ಗಳ ಕೈಗೂ ಹೋಯಿತು. 2010ರಲ್ಲಿ ಸೊಕಾಮ್ ಎಂಕೆ-16 ಕೊಳ್ಳುವುದನ್ನು ನಿಲ್ಲಿಸಿತು, ದೊಡ್ಡ ಗುಂಡಿನದನ್ನು ಉಳಿಸಿಕೊಂಡಿತು.

ಎಂಕೆ-16 ಕೆಟ್ಟ ರೈಫಲ್ ಎಂದಲ್ಲ. ಅದೇ ಅಳತೆಯ ಎಂ4 ಅನ್ನು ಸೇನೆ ತನ್ನ ದುಡ್ಡಿನಲ್ಲಿ ಕೊಡುತ್ತಿತ್ತು. ತಮ್ಮ ಸೀಮಿತ ಖಾತೆಯಿಂದ ದುಡ್ಡು ಸುರಿಯುವಷ್ಟು ಹೆಚ್ಚಿನ ಲಾಭ ಹೊಸದರಲ್ಲಿ ಇಲ್ಲ, ಬೇರೆ ತುರ್ತುಗಳಿವೆ ಎಂದು ಅವರೇ ಹೇಳಿದರು. ಸೇನೆಯಲ್ಲಿ ಕೊಡಲು ಇಲ್ಲದಿದ್ದದ್ದು 7.62ರ ಅಂಥ ರೈಫಲ್, ಅದಕ್ಕೆ ದುಡ್ಡು ಹಾಕಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದನ್ನು ಹಾಸಿಗೆಯೇ ಕಲಿಸಿತು. ಈಗ ಉಲ್ಟಾ ಯೋಚಿಸಿ: ಆರಿಸುವುದು ಇವರು, ಬಿಲ್ ಕಟ್ಟುವುದು ಸೇನೆ ಎಂದಿದ್ದರೆ ಎಂಕೆ-16 ಬೇಡ ಎಂದು ಯಾರಾದರೂ ಹೇಳುತ್ತಿದ್ದರಾ? ಬೇರೆಯವರ ಲೆಕ್ಕದಲ್ಲಿ ತಿಂಡಿ ತರಿಸುವಾಗ ಎಲ್ಲರಿಗೂ ಹಸಿವು ಜಾಸ್ತಿ.

ಅವರು ಎಡವಿದ್ದೇ ಇಲ್ಲವಾ?

ಎಡವಿದ್ದಾರೆ, ಜೋರಾಗಿಯೇ. ಎಎಸ್‌ಡಿಎಸ್ ಎಂಬ ಪುಟ್ಟ ಜಲಾಂತರ್ಗಾಮಿ ಅದಕ್ಕೆ ದೊಡ್ಡ ಸಾಕ್ಷಿ. ತಣ್ಣಗಿನ ನೀರಲ್ಲಿ ನೆನೆಯದೆ, ಒಣ ಕೋಣೆಯಲ್ಲಿ ಕೂತು ನೇವಿ ಸೀಲ್‌ಗಳು, ಅಂದರೆ ನೌಕಾಪಡೆಯ ಕಮಾಂಡೋಗಳು, ನೀರಿನೊಳಗಿಂದಲೇ ದಡದ ಹತ್ತಿರ ಹೋಗಲಿ ಎಂಬ ಒಳ್ಳೆಯ ಯೋಚನೆ. ಗುತ್ತಿಗೆ ಕೊಟ್ಟಿದ್ದು 1994ರಲ್ಲಿ. ಬ್ಯಾಟರಿ ಸರಿಯಿರಲಿಲ್ಲ, ಪ್ರೊಪೆಲ್ಲರ್ ಸದ್ದು ಮಾಡುತ್ತಿತ್ತು, ಖರ್ಚು ಏರುತ್ತಲೇ ಹೋಯಿತು. ಹಲವು ದೋಣಿಗಳ ಯೋಜನೆಯಲ್ಲಿ ಕೈಗೆ ಬಂದದ್ದು ಒಂದೇ. ಅದಕ್ಕೂ 2008ರ ನವೆಂಬರ್‌ನಲ್ಲಿ ಪರ್ಲ್ ಹಾರ್ಬರ್‌ನಲ್ಲಿ ಬ್ಯಾಟರಿ ಚಾರ್ಜ್ ಮಾಡುವಾಗ ಬೆಂಕಿ ಬಿತ್ತು. ಮರುವರ್ಷ ಯೋಜನೆ ಮುಚ್ಚಿತು.

ಇದರಲ್ಲಿ ತಪ್ಪು ಯಾರದು ಎಂದು ಕೇಳಿದರೆ ಉತ್ತರ ಮಜವಾಗಿದೆ. ದುಡ್ಡು ಸೊಕಾಮ್‌ದು, ಗುತ್ತಿಗೆ ನಡೆಸಿದ್ದು ನೌಕಾಪಡೆ. ಹಾಗಾಗಿ ‘ವಿಶೇಷ ಪಡೆಗೆ ಕೊಟ್ಟರೆ ಹಾಳು’ ಎನ್ನುವವರೂ ‘ನೌಕಾಪಡೆಗೆ ಕೊಟ್ಟರೆ ಹಾಳು’ ಎನ್ನುವವರೂ ಇದನ್ನೇ ಸಾಕ್ಷಿಗೆ ಎಳೆಯುತ್ತಾರೆ. ನನಗೆ ಕಾಣುವುದು ಬೇರೆ: ಅತಿ ಕಷ್ಟದ ಎಂಜಿನಿಯರಿಂಗ್ ಕೆಲಸವನ್ನು ಶೂನ್ಯದಿಂದ ಶುರುಮಾಡಿದರು. ಆಮೇಲೆ ಅದೇ ಕೆಲಸಕ್ಕೆ ಈಗಾಗಲೇ ಇದ್ದ ಖಾಸಗಿ ವಿನ್ಯಾಸವನ್ನು ಹಿಡಿದು ಮಾರ್ಪಡಿಸಿದರು. ಸಣ್ಣ ಪರ್ಸಿನವರು ಮೊದಲೇ ಮಾಡಬೇಕಿದ್ದ ಕೆಲಸ ಅದು.

ಟಾಲೋಸ್ ಎಂಬ ಕವಚದ ಉಡುಪೂ ಹಾಗೇ. 2013ರಲ್ಲಿ ಆಗಿನ ಕಮಾಂಡರ್ ಅಡ್ಮಿರಲ್ ಮೆಕ್‌ರೇವನ್ ಘೋಷಿಸಿದರು, 2019ರ ಹೊತ್ತಿಗೆ ಉಡುಪು ಬರುವುದಿಲ್ಲ ಎಂದಾಯಿತು. ಕೆಲವು ಭಾಗಗಳು ಬೇರೆ ಕೆಲಸಕ್ಕೆ ಬಂದವು. ಇದನ್ನು ನಾನು ಅಷ್ಟು ದೊಡ್ಡ ತಪ್ಪು ಎನ್ನುವುದಿಲ್ಲ, ಆಗಲ್ಲ ಎಂದು ಗೊತ್ತಾದ ಮೇಲೆ ನಿಲ್ಲಿಸಿದರು.

ಬಳಸುವವನಿಗೇ ಗೊತ್ತು ಏನು ಬೇಕು ಅಂತ. ಅವನೇ ಕೊಳ್ಳಲಿ ಬಿಡಿ.

ಏನು ಬೇಕು ಎಂದು ಅವನಿಗೆ ಗೊತ್ತು, ಒಪ್ಪಿದೆ. ಎಷ್ಟು ಬೇಕು, ಹತ್ತು ವರ್ಷ ಅದನ್ನು ಸಾಕಲು ಎಷ್ಟು ಬೀಳುತ್ತದೆ ಎಂಬುದು ಬೇರೆ ವಿದ್ಯೆ. ಅದೂ ಅಲ್ಲದೆ ಸೈನಿಕರಿಗೆ ಹೊಸ ಸಾಮಾನಿನ ಹುಚ್ಚು ಇರುತ್ತದೆ, ತಂಡ ಬದಲಾದಾಗ ರುಚಿಯೂ ಬದಲಾಗುತ್ತದೆ. ಈ ತಂಡ ಬೇಡಿಬೇಡಿ ತರಿಸಿದ್ದು ಮುಂದಿನ ತಂಡದ ಕಪಾಟಿನಲ್ಲಿ ಧೂಳು ತಿನ್ನಬಹುದು.

ಓಎ-1ಕೆ ವಿಮಾನದಲ್ಲಿ ಇದು ಕಾಣುತ್ತದೆ. ಹೊಲಕ್ಕೆ ಔಷಧಿ ಹೊಡೆಯುವ ಏರ್ ಟ್ರ್ಯಾಕ್ಟರ್ ವಿಮಾನದಿಂದ ಬಂದ, ಒಂದೇ ಎಂಜಿನ್ನಿನ, ದೂರದ ಹಳ್ಳಿಗಾಡಿನಲ್ಲಿ ಸಣ್ಣ ತಂಡಗಳಿಗೆ ಮೇಲಿಂದ ಕಾವಲು ಕಾಯುವ ವಿಮಾನ. 2022ರಲ್ಲಿ ಆರಿಸಿದರು, 75 ಬೇಕು ಎಂದರು. ಸರ್ಕಾರದ ಲೆಕ್ಕ ನೋಡುವ ಜಿಎಒ ಕಚೇರಿ 2023ರ ಡಿಸೆಂಬರ್‌ನಲ್ಲಿ, ಈ 75 ಎಂಬ ಸಂಖ್ಯೆಗೆ ಸರಿಯಾದ ಲೆಕ್ಕಾಚಾರವೇ ಇಲ್ಲ ಎಂದಿತು. ಆಮೇಲೆ ಗುರಿ 62ಕ್ಕೆ ಇಳಿಯಿತು. ವಿಮಾನ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಮಾತು. ಕೊಳ್ಳುವವನೂ ಬಳಸುವವನೂ ಒಬ್ಬನೇ ಆದಾಗ ‘ಯಾಕೆ ಇಷ್ಟು?’ ಎಂದು ಕೇಳಲು ಹೊರಗಿನವನೊಬ್ಬ ಬೇಕು.

ಗುಟ್ಟಿನ ಕೆಲಸ ಅಲ್ವಾ? ಹೊರಗಿನವರು ಹೇಗೆ ನೋಡುತ್ತಾರೆ?

ಗುಟ್ಟು ಕಾರ್ಯಾಚರಣೆಗೆ ಬೇಕು. ಬಿಲ್ಲಿಗೆ ಬೇಕಾಗಿಲ್ಲ. ಗುಟ್ಟಿನ ಹೆಸರಲ್ಲಿ ಬಿಲ್ ಮುಚ್ಚಿದರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಸೊಕಾಮ್‌ಗೆ ಸಂಬಂಧವಿಲ್ಲದ ಪ್ರಕರಣ, ಆದರೂ ಹೇಳುತ್ತೇನೆ: ಅಮೆರಿಕ ನೌಕಾಪಡೆಯ ಒಂದು ಗುಪ್ತಚರ ಕಚೇರಿ ಗುರುತು ಸಿಗದ, ಬಂದೂಕಿನ ಸದ್ದು ಅಡಗಿಸುವ 349 ಸೈಲೆನ್ಸರ್‌ಗಳಿಗೆ 16 ಲಕ್ಷ ಡಾಲರ್ ಕೊಡಿಸಿತು, ಅವನ್ನು ಮಾಡಲು ತಗುಲಿದ್ದು 10 ಸಾವಿರ ಡಾಲರ್‌ನ ಆಸುಪಾಸು. 2014ರಲ್ಲಿ ಅದು ಕೋರ್ಟಿನಲ್ಲಿ ಹೊರಬಿತ್ತು.

ಅದಕ್ಕೇ ಕಮಾಂಡರ್ ಮೇಲೆ ಸೇನೆಯವರಲ್ಲದ ಅಧಿಕಾರಿ ಇರಬೇಕು. 1986ರ ಕಾನೂನೇ ಇದಕ್ಕಾಗಿ ರಕ್ಷಣಾ ಇಲಾಖೆಯಲ್ಲಿ ಒಬ್ಬ ಸಹಾಯಕ ಕಾರ್ಯದರ್ಶಿಯ ಹುದ್ದೆ ಮಾಡಿತ್ತು. ಸೇನೆಗೂ ನೌಕಾಪಡೆಗೂ ಇರುವ ನಾಗರಿಕ ಕಾರ್ಯದರ್ಶಿಗಳ ಹಾಗೆ ಇವರೂ ಆಡಳಿತ ನೋಡಬೇಕು ಎಂದು ಸಂಸತ್ತು 2017ರ ರಕ್ಷಣಾ ಕಾಯ್ದೆಯಲ್ಲಿ ಒತ್ತಿ ಹೇಳಿತು. ಹುದ್ದೆ ಇದೆ, ಕುರ್ಚಿ ಇದೆ, ಆದರೆ ಕೆಳಗೆ ಸಾಕಷ್ಟು ಜನರಿಲ್ಲದಿದ್ದರೆ ಕಡತ ಓದುವವರು ಯಾರು?

ಇದರಿಂದ ಉಳಿದ ಸೈನಿಕರಿಗೆ ಏನಾದರೂ ಸಿಗುತ್ತಾ?

ಸಿಗುತ್ತದೆ. ವಿಶೇಷ ಪಡೆಗಳಿಗೆಂದು ಮಾಡಿದ ಮಿಚ್ ಹೆಲ್ಮೆಟ್ ಆಮೇಲೆ ಇಡೀ ಅಮೆರಿಕ ಸೇನೆಯ ಹೆಲ್ಮೆಟ್‌ಗೆ ಮೂಲವಾಯಿತು. ಹೆಗಲ ಮೇಲಿಟ್ಟು ಹೊಡೆಯುವ, ಸ್ವೀಡನ್‌ನ ಕಾರ್ಲ್ ಗುಸ್ತಾಫ್ ತೋಪನ್ನು ಅಲ್ಲಿ ವರ್ಷಗಟ್ಟಲೆ ವಿಶೇಷ ಪಡೆಗಳೇ ಹೊತ್ತವು, ಅಫ್ಘಾನಿಸ್ತಾನದ ಯುದ್ಧದ ಕಾಲದಲ್ಲಿ ಸಾಮಾನ್ಯ ಕಾಲಾಳುಗಳಿಗೂ ಬಂತು. ಹೀಗೆ ಒಂದು ಸಾಮಾನು ‘ಸಾಮಾನ್ಯ’ ಆದ ಕೂಡಲೇ ಖರ್ಚು ದೊಡ್ಡ ಸೇನೆಗೆ ಹೋಗುತ್ತದೆ, ಸಣ್ಣ ಪರ್ಸ್ ಬೇರೆ ಕಡೆಗೆ ಬಿಡುವಾಗುತ್ತದೆ. ಸೇನೆಯ ಲೆಕ್ಕದವರು ‘ಇದು ಇನ್ನೂ ವಿಶೇಷವೇ’ ಎಂದು ವಾದಿಸುವುದಕ್ಕೂ ಇದೇ ಕಾರಣ!

ಬೇರೆ ದೇಶಗಳಲ್ಲಿ?

ಪೋಲೆಂಡ್ 2007ರಲ್ಲಿ ವಿಶೇಷ ಪಡೆಯನ್ನು ಪ್ರತ್ಯೇಕ ಶಾಖೆಯನ್ನೇ ಮಾಡಿತು. ಕೆನಡಾ 2006ರಲ್ಲಿ ಜಂಟಿ ಕಮಾಂಡ್ ಕಟ್ಟಿತು. ಬ್ರಿಟನ್‌ನಲ್ಲಿ ಸರ್ಕಾರ ತನ್ನ ವಿಶೇಷ ಪಡೆಗಳ ಬಗ್ಗೆ ಬಾಯಿಯನ್ನೇ ಬಿಡುವುದಿಲ್ಲ, ಸಂಸತ್ತಿನಲ್ಲಿ ಕೇಳಿದರೂ ಅಷ್ಟೇ. ಭಾರತದಲ್ಲಿ ಪ್ಯಾರಾ ಎಸ್‌ಎಫ್ ಸೇನೆಯದು, ಮಾರ್ಕೋಸ್ ನೌಕಾಪಡೆಯದು, ಗರುಡ್ ವಾಯುಪಡೆಯದು. ಮೂರನ್ನೂ ಸೇರಿಸುವ ವಿಶೇಷ ಕಾರ್ಯಾಚರಣೆ ವಿಭಾಗ 2019ರಲ್ಲಿ ಬಂತು. ಪಡೆ ಚಿಕ್ಕದಿರುವ ದೇಶಕ್ಕೆ ಅಮೆರಿಕದಂತೆ ಪೂರ್ತಿ ಖರೀದಿ ಕಚೇರಿ ಕಟ್ಟುವುದು ದುಬಾರಿ. ರೇಡಿಯೋ, ದೃಷ್ಟಿ ಸಾಧನ, ಪ್ಯಾರಾಚೂಟ್‌ನಂಥ ಸಣ್ಣ ಸಾಮಾನಿಗೆ ಒಂದು ಪ್ರತ್ಯೇಕ ಖಾತೆ ಮತ್ತು ಸಹಿ ಹಾಕುವ ಅಧಿಕಾರ ಕೊಟ್ಟರೂ ಅರ್ಧ ತಲೆನೋವು ಇಳಿಯುತ್ತದೆ.

ಸುತ್ತಿ ಬಳಸಬೇಡಿ. ನಿಮ್ಮ ಪ್ರಕಾರ ಯಾರ ಕೈಲಿರಬೇಕು?

ಪರ್ಸ್ ವಿಶೇಷ ಪಡೆಯ ಸೊಂಟದಲ್ಲೇ ಇರಲಿ, ಆದರೆ ಚಿಕ್ಕದಿರಲಿ. ಮೂಲ ವಿಮಾನ, ಹಡಗು, ಗುಂಡು, ಗೋದಾಮು ದೊಡ್ಡ ಪಡೆಗಳದ್ದು. ಅವುಗಳ ಮೇಲಿನ ವಿಶೇಷ ಭಾಗ, ತಂಡ ಕೈಯಲ್ಲಿ ಹಿಡಿಯುವ, ಬೆನ್ನಿಗೆ ಹಾಕುವ ಸಾಮಾನು ವಿಶೇಷ ಪಡೆಯದ್ದು. ಸಂಖ್ಯೆ ಎಷ್ಟು ಎಂಬುದನ್ನು ಇಬ್ಬರಿಗೂ ಸೇರದವರು ನೋಡಬೇಕು. ಮೂಲ ವಿಮಾನವನ್ನು ಬದಲಿಸುವಾಗ, ನಿವೃತ್ತಿ ಮಾಡುವಾಗ ದೊಡ್ಡ ಪಡೆ ಒಬ್ಬರೇ ತೀರ್ಮಾನಿಸಬಾರದು ಎಂಬ ಷರತ್ತನ್ನೂ ಸೇರಿಸುತ್ತೇನೆ. ಇಲ್ಲದಿದ್ದರೆ ವೈರಿಂಗ್ ಮುಗಿಯುವ ಹೊತ್ತಿಗೆ ಗೋಡೆ ಒಡೆದಿರುತ್ತಾರೆ.

ಕೊನೆಯದು: ಸೈನಿಕ ಸ್ವಂತ ದುಡ್ಡಲ್ಲಿ ಏನಾದರೂ ಕೊಂಡುಕೊಂಡರೆ?

ಕೈಗವಸು, ಚೀಲ, ಟಾರ್ಚ್ ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಲ್ಮೆಟ್, ಗುಂಡು ತಡೆಯುವ ಪ್ಲೇಟ್, ಮದ್ದುಗುಂಡು ಎಂದರೆ ಬೇಡವೇ ಬೇಡ, ಅದನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಆದರೆ ಒಂದೇ ತಂಡದ ಹತ್ತು ಜನ ಒಂದೇ ಸಾಮಾನನ್ನು ಸ್ವಂತ ದುಡ್ಡಲ್ಲಿ ತರುತ್ತಿದ್ದಾರೆ ಎಂದರೆ, ಖರೀದಿ ಕಚೇರಿಯವರು ಅವರ ಮೇಲೆ ಸಿಟ್ಟಾಗುವ ಮುಂಚೆ ತಮ್ಮ ಮೇಜಿನ ಮೇಲಿನ ಕಡತಗಳಲ್ಲಿ ಆ ಸಾಮಾನಿನ ಬೇಡಿಕೆ ಎಷ್ಟನೆಯದಾಗಿ ಬಿದ್ದಿದೆ ಎಂದು ಒಮ್ಮೆ ತೆಗೆದು ನೋಡಬೇಕು.